ಫೆಸ್ಟಿಂಗರ್–ಕಾರ್ಲ್‌ಸ್ಮಿತ್ ಪ್ರಯೋಗ

ಫೆಸ್ಟಿಂಗರ್–ಕಾರ್ಲ್‌ಸ್ಮಿತ್ ಪ್ರಯೋಗವು ಸಾಮಾಜಿಕ ಮನೋವಿಜ್ಞಾನದ ಪ್ರಸಿದ್ಧ ಪ್ರಯೋಗಗಳಲ್ಲಿ ಒಂದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಜೆ. ಮೆರಿಲ್ ಕಾರ್ಲ್‌ಸ್ಮಿತ್ ಇದನ್ನು ನಡೆಸಿದರು. ಇದರ ವರದಿಯು ೧೯೫೯ರಲ್ಲಿ ‘ಜರ್ನಲ್ ಆಫ್ ಅಬ್‌ನಾರ್ಮಲ್ ಅಂಡ್ ಸೋಶಿಯಲ್ ಸೈಕಾಲಜಿ’ ಎಂಬ ನಿಯತಕಾಲಿಕದಲ್ಲಿ ಪ್ರಕಟವಾಯಿತು. ತಾನು ನಂಬದ ಮಾತನ್ನು ಇನ್ನೊಬ್ಬರ ಮುಂದೆ ಆಡಬೇಕಾಗಿ ಬಂದ ಮನುಷ್ಯನ ಸ್ವಂತ ಅಭಿಪ್ರಾಯಕ್ಕೆ ಏನಾಗುತ್ತದೆ ಎಂಬುದು ಈ ಪ್ರಯೋಗದ ಮೂಲಪ್ರಶ್ನೆ. ಹಾಗೆ ಸುಳ್ಳು ಹೇಳಲು ೨೦ ಡಾಲರ್ ಪಡೆದವರಿಗಿಂತ ಕೇವಲ ೧ ಡಾಲರ್ ಪಡೆದವರು ಆ ಸುಳ್ಳನ್ನು ತಾವೇ ಹೆಚ್ಚಾಗಿ ನಂಬತೊಡಗಿದರು ಎಂಬುದು ಅದರ ಫಲಿತಾಂಶ.

ಪದವಿ ತರಗತಿಯ ವಿದ್ಯಾರ್ಥಿಗಳು ಸಂಶೋಧನೆಯಲ್ಲಿ ಪಾಲ್ಗೊಳ್ಳುವ ಬಗೆಗೂ ಈ ಪ್ರಯೋಗವು ಒಂದು ಮುಖ್ಯ ಉದಾಹರಣೆಯಾಗಿದೆ. ಇದರ ಸಹಲೇಖಕ ಕಾರ್ಲ್‌ಸ್ಮಿತ್ ಆಗ ಪದವಿ ವಿದ್ಯಾರ್ಥಿ. ಪ್ರಯೋಗಕ್ಕೆ ಒಳಗಾದವರೆಲ್ಲರೂ ಪದವಿ ವಿದ್ಯಾರ್ಥಿಗಳು. ಪ್ರಯೋಗದಲ್ಲಿ ಸಹಾಯಕ ಪಾತ್ರ ವಹಿಸಿದ ಯುವತಿಯೂ ಪದವಿ ವಿದ್ಯಾರ್ಥಿನಿ.

ಸೈದ್ಧಾಂತಿಕ ಹಿನ್ನೆಲೆ

ಲಿಯಾನ್ ಫೆಸ್ಟಿಂಗರ್ (೧೯೧೯–೧೯೮೯) ನ್ಯೂಯಾರ್ಕಿನಲ್ಲಿ ಜನಿಸಿದರು. ಅಲ್ಲಿನ ಸಿಟಿ ಕಾಲೇಜಿನಲ್ಲಿ ಪದವಿ ವ್ಯಾಸಂಗ ಮಾಡುತ್ತಿದ್ದಾಗಲೇ ಅವರು ಮನುಷ್ಯರು ತಮಗೆ ತಾವೇ ಗುರಿಗಳನ್ನು ನಿಗದಿಪಡಿಸಿಕೊಳ್ಳುವ ರೀತಿಯನ್ನು ಕುರಿತು ಅಧ್ಯಾಪಕ ಮ್ಯಾಕ್ಸ್ ಹರ್ಟ್ಸ್‌ಮನ್ ಅವರೊಡನೆ ಸಂಶೋಧನೆ ನಡೆಸಿದ್ದರು. ಅದು ೧೯೪೦ರಲ್ಲಿ ಪ್ರಕಟವಾಯಿತು. ಮುಂದೆ ಐಯೋವಾ ವಿಶ್ವವಿದ್ಯಾಲಯದಲ್ಲಿ ಕರ್ಟ್ ಲೆವಿನ್ ಅವರ ಶಿಷ್ಯರಾದ ಫೆಸ್ಟಿಂಗರ್ ೧೯೫೫ರಲ್ಲಿ ಸ್ಟ್ಯಾನ್‌ಫರ್ಡಿಗೆ ಬಂದರು.

೧೯೫೭ರಲ್ಲಿ ಫೆಸ್ಟಿಂಗರ್ ಒಂದು ಹೊಸ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಮಂಡಿಸಿದರು. ಇಂಗ್ಲಿಷಿನಲ್ಲಿ ‘ಕಾಗ್ನಿಟಿವ್ ಡಿಸೊನನ್ಸ್’ ಎಂದು ಹೆಸರಾದ ಇದನ್ನು ಕನ್ನಡದಲ್ಲಿ ‘ಅರಿವಿನ ವಿಸಂಗತಿ’ ಎನ್ನಬಹುದು. ಮೂಲಪದವು ಸಂಗೀತಕ್ಕೂ ಸಂಬಂಧಿಸಿದ್ದು, ಪರಸ್ಪರ ಹೊಂದದ ಸ್ವರಗಳು ಒಟ್ಟಿಗೆ ಕೇಳಿಬಂದಾಗ ಉಂಟಾಗುವ ಅಹಿತವನ್ನು ಸೂಚಿಸುತ್ತದೆ. ಅದೇ ರೀತಿ ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿ ಒಂದಕ್ಕೊಂದು ಹೊಂದದ ಎರಡು ತಿಳಿವಳಿಕೆಗಳು ಜೊತೆಯಾಗಿ ನೆಲೆಸಿದಾಗ ಒಂದು ಬಗೆಯ ಕಸಿವಿಸಿ ಹುಟ್ಟುತ್ತದೆ, ಅದನ್ನು ತಗ್ಗಿಸಿಕೊಳ್ಳಲು ಆ ವ್ಯಕ್ತಿ ಯತ್ನಿಸುತ್ತಾನೆ ಎಂಬುದು ಸಿದ್ಧಾಂತದ ತಿರುಳು. ಧೂಮಪಾನ ಹಾನಿಕರವೆಂದು ಬಲ್ಲ ಧೂಮಪಾನಿಯನ್ನು ಫೆಸ್ಟಿಂಗರ್ ಉದಾಹರಿಸುತ್ತಾರೆ. ಅವನು ಆ ಚಟವನ್ನು ಬಿಡಬಹುದು. ಹಾನಿಯ ಮಾತು ಉತ್ಪ್ರೇಕ್ಷೆಯೆಂದು ತನ್ನನ್ನು ನಂಬಿಸಿಕೊಳ್ಳಬಹುದು. ಅಥವಾ ಧೂಮಪಾನ ಬಿಟ್ಟರೆ ಮೈ ತೂಕ ಏರುತ್ತದೆ ಎಂಬಂತಹ ಹೊಸ ಸಮರ್ಥನೆಯನ್ನು ಸೇರಿಸಿಕೊಳ್ಳಬಹುದು. ನಡೆದುಹೋದ ನಡವಳಿಕೆಯನ್ನು ಹಿಂದಕ್ಕೆ ಪಡೆಯಲು ಸಾಧ್ಯವಿಲ್ಲದಾಗ ಬದಲಾಗಲು ಉಳಿಯುವುದು ಅಭಿಪ್ರಾಯವೊಂದೇ. ಎಟುಕದ ದ್ರಾಕ್ಷಿಯನ್ನು ಹುಳಿ ಎಂದ ನರಿಯ ಕಥೆಯಲ್ಲಿಯೂ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯಲ್ಲಿಯೂ ಜನಸಾಮಾನ್ಯರು ಇಂತಹ ಮನಸ್ಸಿನ ನಡೆಯನ್ನು ಗುರುತಿಸಿದ್ದಾರೆ.

ಭಾರತದ ನಂಟು

ಈ ಸಿದ್ಧಾಂತದ ಹುಟ್ಟಿಗೆ ಭಾರತದಲ್ಲಿ ನಡೆದ ಒಂದು ಅಧ್ಯಯನವು ಪ್ರೇರಣೆ ನೀಡಿತು. ೧೯೩೪ರ ಜನವರಿ ೧೫ರಂದು ಬಿಹಾರ ಮತ್ತು ನೇಪಾಳದಲ್ಲಿ ಭೀಕರ ಭೂಕಂಪ ಸಂಭವಿಸಿತು. ಆ ಬಳಿಕ ಹರಡಿದ ವದಂತಿಗಳನ್ನು ಜಮುನಾ ಪ್ರಸಾದ್ ಸಂಗ್ರಹಿಸಿ, ೧೯೩೫ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ’ಯಲ್ಲಿ ಲೇಖನ ಪ್ರಕಟಿಸಿದರು. ಭೂಮಿಯ ಕಂಪನವನ್ನು ಅನುಭವಿಸಿದರೂ ಯಾವ ನಷ್ಟವನ್ನೂ ಕಾಣದ ಪ್ರದೇಶದ ಜನರಲ್ಲಿ, ಇದಕ್ಕಿಂತ ದೊಡ್ಡ ವಿಪತ್ತು ಇನ್ನು ಮುಂದೆ ಬರಲಿದೆ ಎಂಬ ವದಂತಿಗಳು ವ್ಯಾಪಕವಾಗಿ ಹಬ್ಬಿದ್ದವು.

೧೯೫೦ರ ದಶಕದ ಆರಂಭದಲ್ಲಿ ಈ ಲೇಖನವನ್ನು ಓದಿದ ಫೆಸ್ಟಿಂಗರ್ ಅವರಿಗೆ ಇದು ಒಗಟಾಗಿ ಕಂಡಿತು. ಭಯಗೊಂಡ ಜನರು ಸಮಾಧಾನದ ಮಾತುಗಳನ್ನು ಹುಡುಕಬೇಕಲ್ಲದೆ ಭಯವನ್ನು ಹೆಚ್ಚಿಸುವ ಸುದ್ದಿಯನ್ನು ಏಕೆ ನಂಬಬೇಕು? ಅವರು ಕಂಡುಕೊಂಡ ಉತ್ತರ ಹೀಗಿತ್ತು: ಜನರಲ್ಲಿ ಭಯವು ಆಗಲೇ ಹುಟ್ಟಿತ್ತು, ಆದರೆ ಸುತ್ತಮುತ್ತ ಭಯಕ್ಕೆ ತಕ್ಕ ಕಾರಣ ಕಾಣುತ್ತಿರಲಿಲ್ಲ, ಮುಂಬರುವ ವಿಪತ್ತಿನ ವದಂತಿಯು ಆ ಭಯಕ್ಕೆ ಸಮರ್ಥನೆಯನ್ನು ಒದಗಿಸಿತು. ದಾರ್ಜಿಲಿಂಗಿನ ಭೂಕುಸಿತದ ಬಳಿಕ ಸಂತ್ರಸ್ತರ ನಡುವೆಯೇ ವದಂತಿಗಳನ್ನು ಸಂಗ್ರಹಿಸಿ ದುರ್ಗಾನಂದ ಸಿನ್ಹಾ ೧೯೫೨ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಅವರು ಹೋಲಿಕೆಗಾಗಿ ಬಳಸಿಕೊಂಡರು. ಅಲ್ಲಿ ಹಾನಿಯು ಕಣ್ಣೆದುರಿಗೇ ಇತ್ತು. ಇನ್ನೂ ದೊಡ್ಡ ವಿಪತ್ತನ್ನು ಸಾರುವ ವದಂತಿಗಳು ಬಿಹಾರದಂತೆ ಹಬ್ಬಿರಲಿಲ್ಲ.

ಪ್ರಯೋಗದ ಉದ್ದೇಶ

ಪ್ರತಿಫಲ ದೊಡ್ಡದಾದಷ್ಟೂ ಅದರ ಪರಿಣಾಮವೂ ದೊಡ್ಡದು ಎಂಬ ಎಣಿಕೆ ಆ ಕಾಲದ ಅಮೆರಿಕದ ಮನೋವಿಜ್ಞಾನದಲ್ಲಿ ಪ್ರಬಲವಾಗಿತ್ತು. ಅದರ ಪ್ರಕಾರ ಒಂದು ಮಾತನ್ನು ಆಡಲು ಹೆಚ್ಚು ಹಣ ಪಡೆದವನು ಆ ಮಾತಿನತ್ತ ಹೆಚ್ಚು ವಾಲಬೇಕು. ಫೆಸ್ಟಿಂಗರ್ ಸಿದ್ಧಾಂತವು ಇದಕ್ಕೆ ತದ್ವಿರುದ್ಧವಾದುದನ್ನು ಸೂಚಿಸುತ್ತಿತ್ತು. ಹೆಚ್ಚು ಹಣ ಪಡೆದವನಿಗೆ ಹಣವೇ ಸಾಕಷ್ಟು ಸಮರ್ಥನೆ. ಆತ ಸುಳ್ಳು ಹೇಳಿದ್ದನ್ನು ತನಗೆ ತಾನೇ ಒಪ್ಪಿಕೊಳ್ಳಬಲ್ಲ. ಕಡಿಮೆ ಹಣ ಪಡೆದವನಿಗೆ ಅಂತಹ ನೆಪವಿಲ್ಲ. ಆದ್ದರಿಂದ ತಾನು ಹೇಳಿದ್ದು ಅಷ್ಟೇನೂ ಸುಳ್ಳಲ್ಲ ಎಂದು ತನ್ನ ಅಭಿಪ್ರಾಯವನ್ನೇ ಮಾತಿನ ಕಡೆಗೆ ಸರಿಸಿಕೊಳ್ಳಬೇಕಾಗುತ್ತದೆ. ಎರಡು ಸಿದ್ಧಾಂತಗಳು ಪರಸ್ಪರ ವಿರುದ್ಧವಾದ ಫಲಿತಾಂಶಗಳನ್ನು ನಿರೀಕ್ಷಿಸುವ ಸನ್ನಿವೇಶವನ್ನು ರಚಿಸುವುದು ಪ್ರಯೋಗದ ಉದ್ದೇಶವಾಗಿತ್ತು.

ಪ್ರಯೋಗದ ವಿಧಾನ

ಮನೋವಿಜ್ಞಾನದ ಪ್ರವೇಶ ಪಾಠಕ್ರಮದ ೭೧ ಮಂದಿ ಪುರುಷ ವಿದ್ಯಾರ್ಥಿಗಳು ಇದರಲ್ಲಿ ಭಾಗವಹಿಸಿದರು. ನಿಗದಿತ ಗಂಟೆಗಳಷ್ಟು ಕಾಲ ಪ್ರಯೋಗಗಳಿಗೆ ಒಳಗಾಗುವುದು ಆ ಪಾಠಕ್ರಮದ ನಿಯಮಗಳಲ್ಲಿ ಒಂದಾಗಿತ್ತು. ‘ಕಾರ್ಯನಿರ್ವಹಣೆಯ ಅಳತೆ’ಗೆ ಸಂಬಂಧಿಸಿದ ಪ್ರಯೋಗವೆಂದು ಅವರಿಗೆ ತಿಳಿಸಲಾಗಿತ್ತು.

ಒಬ್ಬೊಬ್ಬರಾಗಿ ಬಂದ ವಿದ್ಯಾರ್ಥಿಗಳಿಗೆ ಮೊದಲು ೧೨ ದಾರದ ಉರುಳೆಗಳನ್ನು ಒಂದೇ ಕೈಯಿಂದ ತಟ್ಟೆಯಲ್ಲಿ ಜೋಡಿಸುವ, ತೆಗೆಯುವ, ಮತ್ತೆ ಜೋಡಿಸುವ ಕೆಲಸ ಕೊಡಲಾಯಿತು. ಅರ್ಧ ಗಂಟೆಯ ಬಳಿಕ ೪೮ ಚೌಕಾಕಾರದ ಗೂಟಗಳಿದ್ದ ಹಲಗೆಯನ್ನು ಮುಂದಿಡಲಾಯಿತು. ಪ್ರತಿಯೊಂದು ಗೂಟವನ್ನೂ ಕಾಲು ಸುತ್ತು ತಿರುಗಿಸುವುದು, ಎಲ್ಲವೂ ಮುಗಿದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸುವುದು ಮುಂದಿನ ಅರ್ಧ ಗಂಟೆಯ ಕೆಲಸ. ಪ್ರಯೋಗಕಾರನು ಕೈಯಲ್ಲಿ ಗಡಿಯಾರ ಹಿಡಿದು ಏನನ್ನೋ ಬರೆದುಕೊಳ್ಳುತ್ತಿದ್ದನು. ಎಲ್ಲರಿಗೂ ಸಮಾನವಾಗಿ ಬೇಸರ ಹುಟ್ಟಿಸುವುದೇ ಈ ಒಂದು ಗಂಟೆಯ ನಿಜವಾದ ಉದ್ದೇಶವಾಗಿತ್ತು.

ಆ ಬಳಿಕ ಪ್ರಯೋಗ ಮುಗಿಯಿತೆಂಬಂತೆ ತೋರಿಸಿ ಪ್ರಯೋಗಕಾರನು ಒಂದು ವಿವರಣೆ ನೀಡುತ್ತಿದ್ದನು. ಭಾಗವಹಿಸುವವರಲ್ಲಿ ಎರಡು ಗುಂಪುಗಳಿವೆ. ಒಂದು ಗುಂಪಿಗೆ ಮುಂಚಿತವಾಗಿ ಏನನ್ನೂ ಹೇಳುವುದಿಲ್ಲ. ಇನ್ನೊಂದು ಗುಂಪಿಗೆ, ಈ ಕೆಲಸವು ಬಹಳ ಆಸಕ್ತಿಕರವೆಂದು ಒಬ್ಬ ವಿದ್ಯಾರ್ಥಿ ಹೇಳಿ ಹುರಿದುಂಬಿಸುತ್ತಾನೆ ಎಂಬುದು ಆ ವಿವರಣೆ. ವಿದ್ಯಾರ್ಥಿಗಳನ್ನು ಮೂರು ವಿಭಾಗಗಳಾಗಿ ಮಾಡಲಾಗಿತ್ತು. ತುಲನೆಗಾಗಿ ಇಟ್ಟುಕೊಂಡ ಮೊದಲ ವಿಭಾಗದವರಿಂದ ಬೇರೇನನ್ನೂ ಕೇಳದೆ ನೇರವಾಗಿ ಸಂದರ್ಶನಕ್ಕೆ ಕಳುಹಿಸಲಾಯಿತು. ಉಳಿದ ಎರಡು ವಿಭಾಗಗಳವರಿಗೆ, ಆ ಮಾತುಗಳನ್ನು ಹೇಳಬೇಕಾಗಿದ್ದ ವಿದ್ಯಾರ್ಥಿ ಇಂದು ಬಂದಿಲ್ಲ, ಹೊರಗೆ ಒಬ್ಬ ಯುವತಿ ಕಾಯುತ್ತಿದ್ದಾಳೆ, ಆ ಕೆಲಸವನ್ನು ನೀವು ಮಾಡಿಕೊಡುವಿರಾ ಎಂದು ಪ್ರಯೋಗಕಾರನು ಸಂಕೋಚದಿಂದ ಕೇಳುತ್ತಿದ್ದನು. ಇದಕ್ಕಾಗಿ ಒಂದು ವಿಭಾಗದವರಿಗೆ ೧ ಡಾಲರ್, ಇನ್ನೊಂದು ವಿಭಾಗದವರಿಗೆ ೨೦ ಡಾಲರ್ ಕೊಡಲಾಯಿತು. ಅಂದಿನ ವಿದ್ಯಾರ್ಥಿಗೆ ೨೦ ಡಾಲರ್ ದೊಡ್ಡ ಮೊತ್ತ.

ಕಾಯುತ್ತಿದ್ದ ಯುವತಿಯು ಈ ಪಾತ್ರಕ್ಕಾಗಿಯೇ ಗೊತ್ತುಮಾಡಿಕೊಂಡ ಪದವಿ ವಿದ್ಯಾರ್ಥಿನಿ. ವಿದ್ಯಾರ್ಥಿಯು ಕೆಲಸವನ್ನು ಹೊಗಳಿದೊಡನೆ, ತನ್ನ ಗೆಳತಿ ಇದನ್ನು ಬೇಸರದ ಕೆಲಸವೆಂದು ಹೇಳಿದ್ದಳಲ್ಲ ಎಂದು ಆಕೆ ಅಚ್ಚರಿ ತೋರುತ್ತಿದ್ದಳು. ಹೆಚ್ಚಿನವರು ಹಾಗೇನಿಲ್ಲ, ನಿಜಕ್ಕೂ ಚೆನ್ನಾಗಿದೆ ಎಂಬರ್ಥದ ಉತ್ತರ ಕೊಟ್ಟರು. ಈ ಸಂಭಾಷಣೆಯನ್ನು ಅವರಿಗೆ ತಿಳಿಯದಂತೆ ಧ್ವನಿಮುದ್ರಿಸಿಕೊಳ್ಳಲಾಯಿತು.

ಕೊನೆಯ ಹಂತದಲ್ಲಿ, ಮನೋವಿಜ್ಞಾನ ವಿಭಾಗವು ತನ್ನ ಪ್ರಯೋಗಗಳ ಗುಣಮಟ್ಟವನ್ನು ತಿಳಿಯಲು ನಡೆಸುತ್ತಿದೆ ಎನ್ನಲಾದ ಸಂದರ್ಶನದಲ್ಲಿ ಎಲ್ಲರಿಗೂ ನಾಲ್ಕು ಪ್ರಶ್ನೆಗಳನ್ನು ಕೇಳಲಾಯಿತು. ಯಾರು ಎಷ್ಟು ಹಣ ಪಡೆದಿದ್ದಾರೆಂಬುದು ಸಂದರ್ಶಕನಿಗೆ ತಿಳಿದಿರಲಿಲ್ಲ. ಕೆಲಸವು ಆಸಕ್ತಿಕರವೂ ಹಿತಕರವೂ ಆಗಿತ್ತೇ ಎಂಬ ಪ್ರಶ್ನೆಗೆ ಋಣ ೫ರಿಂದ ಧನ ೫ರವರೆಗಿನ ಮಾನಕದಲ್ಲಿ ಉತ್ತರಿಸಬೇಕಾಗಿತ್ತು.

ಫಲಿತಾಂಶ

೧೧ ಮಂದಿಯ ಉತ್ತರಗಳನ್ನು ಲೆಕ್ಕದಿಂದ ಕೈಬಿಡಲಾಯಿತು. ಅವರಲ್ಲಿ ಕೆಲವರು ಹಣ ಕೊಟ್ಟುದರ ಬಗ್ಗೆ ಸಂಶಯಪಟ್ಟಿದ್ದರು. ಕೆಲವರು ಹಣವನ್ನೂ ಕೆಲಸವನ್ನೂ ನಿರಾಕರಿಸಿದ್ದರು. ಕೆಲವರು ತಮ್ಮನ್ನು ಹಣ ಕೊಟ್ಟು ಗೊತ್ತುಮಾಡಲಾಗಿದೆ ಎಂದು ಯುವತಿಗೆ ಹೇಳಿಬಿಟ್ಟಿದ್ದರು. ಒಬ್ಬನು ನಿಜಸಂಗತಿಯನ್ನು ಆಮೇಲೆ ವಿವರಿಸುವುದಾಗಿ ಆಕೆಯ ದೂರವಾಣಿ ಸಂಖ್ಯೆಯನ್ನು ಕೇಳಿದ್ದನು. ಉಳಿದವರು ಪ್ರತಿ ವಿಭಾಗಕ್ಕೆ ೨೦ರಂತೆ ೬೦ ಮಂದಿ.

ಆಸಕ್ತಿಯನ್ನು ಕುರಿತ ಪ್ರಶ್ನೆಗೆ ತುಲನಾ ವಿಭಾಗದ ಸರಾಸರಿ ಅಂಕ ಋಣ ೦.೪೫. ೨೦ ಡಾಲರ್ ಪಡೆದವರ ಸರಾಸರಿ ಋಣ ೦.೦೫. ೧ ಡಾಲರ್ ಪಡೆದವರ ಸರಾಸರಿಯಾದರೋ ಧನ ೧.೩೫. ಇಂತಹ ಪ್ರಯೋಗದಲ್ಲಿ ಮತ್ತೆ ಭಾಗವಹಿಸುವಿರಾ ಎಂಬ ಪ್ರಶ್ನೆಯಲ್ಲಿಯೂ ಇದೇ ಒಲವು ಕಂಡಿತು: ಕ್ರಮವಾಗಿ ಋಣ ೦.೬೨, ಋಣ ೦.೨೫ ಮತ್ತು ಧನ ೧.೨೦. ಗೂಟ ತಿರುಗಿಸುವ ಅದೇ ಕೆಲಸವನ್ನು ಅಷ್ಟೇ ಹೊತ್ತು ಮಾಡಿದ್ದರೂ, ಕಡಿಮೆ ಹಣಕ್ಕೆ ಸುಳ್ಳಾಡಿದವರು ಮಾತ್ರ ಅದು ಹಿತಕರವಾಗಿತ್ತೆಂದು ನೆನಪಿಸಿಕೊಂಡರು.

ಸಂದರ್ಶನ ಮುಗಿದ ಬಳಿಕ ಪ್ರಯೋಗದ ನಿಜವಾದ ಉದ್ದೇಶವನ್ನು ವಿದ್ಯಾರ್ಥಿಗಳಿಗೆ ತಿಳಿಸಲಾಯಿತು, ಯುವತಿಯ ಪರಿಚಯ ಮಾಡಿಕೊಡಲಾಯಿತು, ಮತ್ತು ಕೊಟ್ಟ ಹಣವನ್ನು ಹಿಂದಿರುಗಿಸುವಂತೆ ಕೇಳಲಾಯಿತು. ಎಲ್ಲರೂ ಹಣವನ್ನು ಹಿಂದಿರುಗಿಸಲು ಒಪ್ಪಿದರೆಂದು ವರದಿಯು ಹೇಳುತ್ತದೆ.

ವಿದ್ಯಾರ್ಥಿ ಸಂಶೋಧಕ

ಜೆ. ಮೆರಿಲ್ ಕಾರ್ಲ್‌ಸ್ಮಿತ್ (೧೯೩೬–೧೯೮೪) ಈ ಪ್ರಯೋಗ ನಡೆದ ಕಾಲದಲ್ಲಿ ಸ್ಟ್ಯಾನ್‌ಫರ್ಡಿನ ಪದವಿ ವಿದ್ಯಾರ್ಥಿಯಾಗಿದ್ದರು. ಆಗ ಫೆಸ್ಟಿಂಗರ್ ಅವರ ಬಳಿ ಡಾಕ್ಟರೇಟ್ ಸಂಶೋಧನೆ ಮಾಡುತ್ತಿದ್ದ ಎಲಿಯಟ್ ಆರನ್‌ಸನ್ ಅವರ ನೆನಪುಗಳ ಪ್ರಕಾರ, ಪ್ರಯೋಗಕಾರನ ಪಾತ್ರವನ್ನು ಸಹಜವಾಗಿ ಅಭಿನಯಿಸಲು ಕಾರ್ಲ್‌ಸ್ಮಿತ್ ಅವರಿಗೆ ಮೊದಮೊದಲು ಕಷ್ಟವಾಗಿತ್ತು. ನಾಟಕದ ನಟನನ್ನು ತಯಾರು ಮಾಡುವಂತೆ ಫೆಸ್ಟಿಂಗರ್ ಅವರನ್ನು ತರಬೇತುಗೊಳಿಸಿದರು. ಭಾಗವಹಿಸುವವನು ಕೃತಕತೆಯನ್ನು ಗ್ರಹಿಸಿಬಿಟ್ಟರೆ ಸನ್ನಿವೇಶವೇ ಕುಸಿಯುತ್ತಿದ್ದುದರಿಂದ, ಸಹಾಯ ಕೇಳುವಾಗಿನ ಸಂಕೋಚವೂ ಪ್ರಯೋಗದ ವಿನ್ಯಾಸದ ಒಂದು ಅಂಗವಾಗಿತ್ತು.

ಕಾರ್ಲ್‌ಸ್ಮಿತ್ ೧೯೫೮ರಲ್ಲಿ ಪದವಿ ಪಡೆದು, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ೧೯೬೩ರಲ್ಲಿ ಡಾಕ್ಟರೇಟ್ ಗಳಿಸಿದರು. ಮುಂದೆ ಸ್ಟ್ಯಾನ್‌ಫರ್ಡಿನಲ್ಲಿಯೇ ಪ್ರಾಧ್ಯಾಪಕರಾದರು. ೧೯೬೩ರಲ್ಲಿ ಆರನ್‌ಸನ್ ಅವರೊಡನೆ ಮಕ್ಕಳನ್ನು ಕುರಿತು ಪ್ರಕಟಿಸಿದ ಅಧ್ಯಯನವು ಇದೇ ವಿಚಾರದ ಮುಂದುವರಿಕೆ. ಮಗು ಇಷ್ಟಪಟ್ಟ ಆಟಿಕೆಯನ್ನು ಮುಟ್ಟಬಾರದೆಂದು ಕಠಿಣವಾಗಿ ಬೆದರಿಸಿದಾಗ ಅದರ ಮೇಲಿನ ಆಸೆ ತಗ್ಗಲಿಲ್ಲ. ಮೃದುವಾಗಿ ತಡೆದಾಗ ಅನೇಕ ಮಕ್ಕಳಿಗೆ ಆ ಆಟಿಕೆಯೇ ಮೊದಲಿನಷ್ಟು ಇಷ್ಟವಾಗದೆ ಹೋಯಿತು. ದೊಡ್ಡ ಬೆದರಿಕೆಯು ದೊಡ್ಡ ಬಹುಮಾನದಂತೆಯೇ ಹೊರಗಿನ ಕಾರಣವನ್ನು ಒದಗಿಸುತ್ತದೆ, ಒಳಗಿನ ಬದಲಾವಣೆಗೆ ಅವಕಾಶ ಕೊಡುವುದಿಲ್ಲ ಎಂಬುದು ಅವರ ವಿವರಣೆ. ಈ ಇಬ್ಬರೂ ೧೯೬೮ರಲ್ಲಿ ಸಾಮಾಜಿಕ ಮನೋವಿಜ್ಞಾನದ ಪ್ರಯೋಗವಿಧಾನವನ್ನು ಕುರಿತು ಬರೆದ ಅಧ್ಯಾಯವು ಸಂಶೋಧಕರಿಗೆ ದೀರ್ಘಕಾಲ ಮಾರ್ಗದರ್ಶಿಯಾಗಿತ್ತು.

ಟೀಕೆ ಮತ್ತು ಪರ್ಯಾಯ ವಿವರಣೆಗಳು

ನಟಾಲಿಯಾ ಮತ್ತು ಆಲ್ಫೋನ್ಸ್ ಚಪಾನಿಸ್ ೧೯೬೪ರಲ್ಲಿ ಇಂತಹ ಪ್ರಯೋಗಗಳನ್ನು ವಿಮರ್ಶಿಸುತ್ತ, ಭಾಗವಹಿಸಿದವರ ಉತ್ತರಗಳನ್ನು ಲೆಕ್ಕದಿಂದ ಕೈಬಿಡುವ ಪದ್ಧತಿಯನ್ನು ಆಕ್ಷೇಪಿಸಿದರು. ೨೦ ಡಾಲರಿನಂತಹ ಅಸಹಜ ಮೊತ್ತವು ನಂಬಿಕೆಗೆ ಅರ್ಹವಾಗಿ ಕಾಣದಿರಬಹುದೆಂಬುದೂ ಅವರ ವಾದವಾಗಿತ್ತು. ೧೯೬೫ರಲ್ಲಿ ಮಿಲ್ಟನ್ ರೋಸನ್‌ಬರ್ಗ್, ದೊಡ್ಡ ಮೊತ್ತವನ್ನು ಪಡೆದವರು ತಮ್ಮ ಪ್ರಾಮಾಣಿಕತೆಯನ್ನೇ ಪರೀಕ್ಷಿಸಲಾಗುತ್ತಿದೆ ಎಂದು ಭಾವಿಸಿ, ಹಣಕ್ಕೆ ಬಗ್ಗದವರೆಂದು ತೋರಿಸಿಕೊಂಡಿರಬಹುದು ಎಂದರು.

ಡ್ಯಾರಿಲ್ ಬೆಮ್ ೧೯೬೭ರಲ್ಲಿ ಕಸಿವಿಸಿಯ ಪ್ರಸ್ತಾಪವೇ ಇಲ್ಲದ ವಿವರಣೆಯನ್ನು ಮುಂದಿಟ್ಟರು. ಮನುಷ್ಯನು ಇತರರ ನಡವಳಿಕೆಯಿಂದ ಅವರ ಅಭಿಪ್ರಾಯವನ್ನು ಊಹಿಸುವಂತೆ ತನ್ನ ನಡವಳಿಕೆಯಿಂದ ತನ್ನ ಅಭಿಪ್ರಾಯವನ್ನು ಊಹಿಸುತ್ತಾನೆ. ಒಂದು ಡಾಲರಿಗೆ ಹೊಗಳಿದವನು ನಿಜವಾಗಿ ಮೆಚ್ಚಿಯೇ ಹೊಗಳಿರಬೇಕೆಂದು ಹೊರಗಿನವರೂ ಭಾವಿಸುತ್ತಾರೆ, ಅವನೂ ಹಾಗೆಯೇ ಭಾವಿಸುತ್ತಾನೆ ಎಂಬುದು ಅವರ ವಾದ. ಮಾರ್ಕ್ ಜನ್ನಾ ಮತ್ತು ಜೋಯಲ್ ಕೂಪರ್ ೧೯೭೪ರಲ್ಲಿ ಇದನ್ನು ಪರೀಕ್ಷಿಸಿದರು. ಔಷಧವಿಲ್ಲದ ಗುಳಿಗೆಯನ್ನು ಕೊಟ್ಟು, ಅದರಿಂದ ತಳಮಳ ಉಂಟಾಗುತ್ತದೆಂದು ನಂಬಿಸಿದಾಗ ಅಭಿಪ್ರಾಯದ ಬದಲಾವಣೆ ಕಾಣದಾಯಿತು. ತಮ್ಮ ಕಸಿವಿಸಿಗೆ ಗುಳಿಗೆಯೇ ಕಾರಣವೆಂದುಕೊಂಡವರಿಗೆ ಅಭಿಪ್ರಾಯವನ್ನು ಬದಲಾಯಿಸುವ ಅಗತ್ಯ ಬೀಳಲಿಲ್ಲ. ಕಸಿವಿಸಿಯು ನಿಜವಾಗಿಯೂ ಇದೆ ಎಂಬುದಕ್ಕೆ ಇದನ್ನು ಆಧಾರವಾಗಿ ಎತ್ತಿಕೊಳ್ಳಲಾಗಿದೆ.

ವಿದ್ಯಾರ್ಥಿಗಳನ್ನೇ ಆಧರಿಸಿದ ಜ್ಞಾನದ ಮಿತಿ

ಒಂದು ವಿಶ್ವವಿದ್ಯಾಲಯದ ೬೦ ಮಂದಿ ತರುಣರಿಂದ ದೊರೆತ ಫಲಿತಾಂಶವನ್ನು ಮನುಷ್ಯಸ್ವಭಾವದ ನಿಯಮವೆನ್ನಬಹುದೇ ಎಂಬುದು ಈ ಪ್ರಯೋಗವನ್ನೂ ಮೀರಿದ ಪ್ರಶ್ನೆ. ಡೇವಿಡ್ ಸಿಯರ್ಸ್ ೧೯೮೬ರಲ್ಲಿ, ಸಾಮಾಜಿಕ ಮನೋವಿಜ್ಞಾನವು ಕಾಲೇಜು ವಿದ್ಯಾರ್ಥಿಗಳನ್ನೇ ಅತಿಯಾಗಿ ಅವಲಂಬಿಸಿರುವುದನ್ನು ತೋರಿಸಿದರು. ಇನ್ನೂ ಗಟ್ಟಿಗೊಳ್ಳದ ಅಭಿಪ್ರಾಯಗಳು, ಹಿರಿಯರ ಮಾತಿಗೆ ಮಣಿಯುವ ಪ್ರವೃತ್ತಿ ಮುಂತಾದ ಈ ವಯಸ್ಸಿನ ಲಕ್ಷಣಗಳು ಮನುಷ್ಯರೆಲ್ಲರ ಲಕ್ಷಣಗಳೆಂದು ದಾಖಲಾಗುವ ಅಪಾಯವನ್ನು ಅವರು ಎತ್ತಿ ಹೇಳಿದರು. ಜೋಸೆಫ್ ಹೆನ್ರಿಕ್, ಸ್ಟೀವನ್ ಹೈನ್ ಮತ್ತು ಅರಾ ನೊರೆನ್‌ಜಾಯನ್ ೨೦೧೦ರಲ್ಲಿ ಇದೇ ವಾದವನ್ನು ಪಾಶ್ಚಾತ್ಯ, ಸಿರಿವಂತ ಸಮಾಜಗಳ ಜನರನ್ನು ಮಾತ್ರ ಅಧ್ಯಯನ ಮಾಡುವ ರೂಢಿಗೆ ವಿಸ್ತರಿಸಿದರು.

ಅರಿವಿನ ವಿಸಂಗತಿಯ ವಿಷಯದಲ್ಲಿ ಈ ಎಚ್ಚರಿಕೆಗೆ ನೇರವಾದ ಆಧಾರಗಳಿವೆ. ಹೈನ್ ಮತ್ತು ಡ್ಯಾರಿನ್ ಲೇಮನ್ ೧೯೯೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವಸ್ತುಗಳಲ್ಲಿ ಒಂದನ್ನು ಆರಿಸಿಕೊಂಡ ಬಳಿಕ ಕೆನಡಾದವರು ತಮ್ಮ ಆಯ್ಕೆಯನ್ನು ಸಮರ್ಥಿಸಿಕೊಂಡಂತೆ ಜಪಾನೀಯರು ಸಮರ್ಥಿಸಿಕೊಳ್ಳಲಿಲ್ಲ. ಎಟ್ಸುಕೊ ಹೊಶಿನೊ-ಬ್ರೌನ್ ಮತ್ತು ಸಂಗಡಿಗರು ೨೦೦೫ರಲ್ಲಿ ತೋರಿಸಿದಂತೆ, ಏಷ್ಯಾ ಮೂಲದವರು ಆಯ್ಕೆಯನ್ನು ಗೆಳೆಯನಿಗಾಗಿ ಮಾಡಿದಾಗ ಅದೇ ಸಮರ್ಥನೆಯ ಪ್ರವೃತ್ತಿ ಅವರಲ್ಲೂ ಕಾಣಿಸಿತು. ಇದರಿಂದ, ಕಸಿವಿಸಿ ಎಲ್ಲೆಡೆಯೂ ಇರಬಹುದಾದರೂ ಅದು ಯಾವ ಸಂದರ್ಭದಲ್ಲಿ ಏಳುತ್ತದೆ ಎಂಬುದನ್ನು ಸಂಸ್ಕೃತಿಯು ನಿರ್ಧರಿಸುತ್ತದೆ ಎಂದು ಅನೇಕರು ತರ್ಕಿಸಿದ್ದಾರೆ.

ನೈತಿಕ ಪ್ರಶ್ನೆಗಳು

ಸುಳ್ಳು ಹೇಳುವುದರ ಪರಿಣಾಮವನ್ನು ತಿಳಿಯುವ ಈ ಪ್ರಯೋಗವು ತಾನೇ ಹಲವು ಸುಳ್ಳುಗಳ ಮೇಲೆ ನಿಂತಿತ್ತು. ಪ್ರಯೋಗದ ಉದ್ದೇಶ, ಯುವತಿಯ ಗುರುತು, ಸಂದರ್ಶನದ ಸ್ವರೂಪ, ಹಣದ ಪಾವತಿ ಇವೆಲ್ಲವನ್ನೂ ಮರೆಮಾಚಲಾಗಿತ್ತು. ಭಾಗವಹಿಸುವಿಕೆಯು ಪಾಠಕ್ರಮದ ನಿಯಮವಾಗಿದ್ದುದರಿಂದ ವಿದ್ಯಾರ್ಥಿಯ ಸಮ್ಮತಿಯು ಎಷ್ಟರಮಟ್ಟಿಗೆ ಸ್ವತಂತ್ರವಾಗಿತ್ತು ಎಂಬ ಪ್ರಶ್ನೆಯೂ ಉಳಿಯುತ್ತದೆ. ಕೊನೆಗೆ ನಿಜವನ್ನು ತಿಳಿಸಿದ್ದು ಆ ಕಾಲದ ಮಟ್ಟಿಗೆ ಎಚ್ಚರಿಕೆಯ ಕ್ರಮವಾಗಿತ್ತಾದರೂ, ಒಂದು ಡಾಲರಿಗೆ ಸಹಪಾಠಿಯನ್ನು ವಂಚಿಸಲು ತಾನು ಒಪ್ಪಿದೆ ಎಂಬ ಅರಿವನ್ನು ವಿದ್ಯಾರ್ಥಿಯು ತನ್ನೊಡನೆ ಕೊಂಡೊಯ್ಯಬೇಕಾಗಿತ್ತು.

ಅಮೆರಿಕದ ಮನೋವಿಜ್ಞಾನ ಸಂಘವು ೧೯೭೩ರಲ್ಲಿ ಮಾನವ ಭಾಗಿಗಳ ಸಂಶೋಧನೆಗೆ ವಿವರವಾದ ನೈತಿಕ ತತ್ತ್ವಗಳನ್ನು ಪ್ರಕಟಿಸಿತು. ೧೯೭೪ರ ರಾಷ್ಟ್ರೀಯ ಸಂಶೋಧನಾ ಕಾಯಿದೆ ಮತ್ತು ೧೯೭೯ರ ಬೆಲ್ಮಾಂಟ್ ವರದಿಯ ಬಳಿಕ ಸಂಸ್ಥೆಗಳ ನೈತಿಕ ಪರಿಶೀಲನಾ ಸಮಿತಿಗಳ ಪಾತ್ರ ಬಲಗೊಂಡಿತು. ವಂಚನೆಯನ್ನು ಬೇರೆ ದಾರಿಯಿಲ್ಲದಾಗ ಮಾತ್ರ ಬಳಸಬೇಕು, ಆದಷ್ಟು ಬೇಗ ನಿಜವನ್ನು ತಿಳಿಸಬೇಕು, ಭಾಗವಹಿಸುವುದು ಪಾಠಕ್ರಮದ ಭಾಗವಾಗಿದ್ದರೆ ಅದಕ್ಕೆ ಸಮಾನವಾದ ಬೇರೊಂದು ಆಯ್ಕೆಯನ್ನು ವಿದ್ಯಾರ್ಥಿಗೆ ಕೊಡಬೇಕು ಎಂಬುವು ಸಂಘದ ಇಂದಿನ ನಿಯಮಗಳಲ್ಲಿ ಸೇರಿವೆ. ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೧೭ರ ಮಾರ್ಗಸೂಚಿಗಳು ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಮತ್ತು ವರ್ತನಾ ವಿಜ್ಞಾನಗಳ ಸಂಶೋಧನೆಯನ್ನೂ ಒಳಗೊಂಡಿವೆ.

ಮರುಪರೀಕ್ಷೆ ಮತ್ತು ಇಂದಿನ ಸ್ಥಾನ

ಡಾರ್ವಿನ್ ಲಿಂಡರ್, ಜೋಯಲ್ ಕೂಪರ್ ಮತ್ತು ಎಡ್ವರ್ಡ್ ಜೋನ್ಸ್ ೧೯೬೭ರಲ್ಲಿ, ಒಲ್ಲೆನೆನ್ನುವ ಸ್ವಾತಂತ್ರ್ಯ ಇದ್ದಾಗ ಮಾತ್ರ ಸಣ್ಣ ಪ್ರತಿಫಲವು ಅಭಿಪ್ರಾಯವನ್ನು ಹೆಚ್ಚು ಬದಲಾಯಿಸುತ್ತದೆ ಎಂದು ವರದಿ ಮಾಡಿದ್ದರು. ಆ ಬಳಿಕ ಹಣದ ಮೊತ್ತಕ್ಕಿಂತ ಆಯ್ಕೆಯ ಸ್ವಾತಂತ್ರ್ಯವನ್ನು ಹೆಚ್ಚು ಕಡಿಮೆ ಮಾಡಿ, ತಮ್ಮ ನಿಲುವಿಗೆ ವಿರುದ್ಧವಾದ ಪ್ರಬಂಧವನ್ನು ಬರೆಯಿಸುವ ಪದ್ಧತಿಯು ರೂಢಿಗೆ ಬಂದಿತು. ೨೦೨೪ರಲ್ಲಿ ೧೯ ದೇಶಗಳ ೩೯ ಪ್ರಯೋಗಾಲಯಗಳು ಸುಮಾರು ೪,೯೦೦ ಮಂದಿಯೊಡನೆ ಈ ಪದ್ಧತಿಯನ್ನು ಒಟ್ಟಾಗಿ ಪರೀಕ್ಷಿಸಿದ ಫಲಿತಾಂಶವು ಪ್ರಕಟವಾಯಿತು. ತಮ್ಮ ನಿಲುವಿಗೆ ವಿರುದ್ಧವಾಗಿ ಬರೆದವರ ಅಭಿಪ್ರಾಯವು, ಬೇರೆ ವಿಷಯವನ್ನು ಕುರಿತು ಬರೆದವರಿಗೆ ಹೋಲಿಸಿದರೆ, ಬರೆದುದರ ಕಡೆಗೆ ಸರಿದಿತ್ತು. ಆದರೆ ಸಿದ್ಧಾಂತವು ನಿರೀಕ್ಷಿಸಿದ್ದಂತೆ, ಹೆಚ್ಚು ಸ್ವಾತಂತ್ರ್ಯ ಪಡೆದವರಿಗೂ ಕಡಿಮೆ ಸ್ವಾತಂತ್ರ್ಯ ಪಡೆದವರಿಗೂ ನಡುವೆ ವ್ಯತ್ಯಾಸ ಕಾಣಲಿಲ್ಲ. ಇದು ೧೯೫೯ರ ಪ್ರಯೋಗದ ಯಥಾವತ್ ಪುನರಾವರ್ತನೆಯಲ್ಲವಾದರೂ, ಸಿದ್ಧಾಂತದ ಮುಖ್ಯ ಆಧಾರವೊಂದನ್ನು ಮತ್ತೆ ಪರಿಶೀಲನೆಗೆ ಒಳಪಡಿಸಿದೆ.

ಹೀಗಾಗಿ ಫೆಸ್ಟಿಂಗರ್–ಕಾರ್ಲ್‌ಸ್ಮಿತ್ ಪ್ರಯೋಗವನ್ನು ಇಂದು ಇತ್ಯರ್ಥಗೊಂಡ ಸತ್ಯವೆಂದು ಬೋಧಿಸುವುದಕ್ಕಿಂತ ಪರೀಕ್ಷಿಸಬೇಕಾದ ವಾದವೆಂದು ಬೋಧಿಸುವುದು ಹೆಚ್ಚು ಸಮಂಜಸ. ವಿರುದ್ಧ ನಿರೀಕ್ಷೆಗಳನ್ನು ಮುಖಾಮುಖಿಯಾಗಿಸುವ ವಿನ್ಯಾಸ, ತುಲನಾ ವಿಭಾಗದ ಅಗತ್ಯ, ಕೈಬಿಟ್ಟ ಉತ್ತರಗಳ ಲೆಕ್ಕ, ವಂಚನೆಯ ಬೆಲೆ, ಸಣ್ಣ ಮಾದರಿಯ ಮಿತಿ ಇವೆಲ್ಲವನ್ನೂ ಒಂದೇ ಪ್ರಯೋಗದಲ್ಲಿ ಗುರುತಿಸಲು ಸಾಧ್ಯವಿರುವುದರಿಂದ, ಸಂಶೋಧನೆಗೆ ಮೊದಲ ಹೆಜ್ಜೆ ಇಡುವ ಪದವಿ ವಿದ್ಯಾರ್ಥಿಗಳಿಗೆ ಇದು ಉಪಯುಕ್ತ ಪಾಠವಾಗಿ ಉಳಿದಿದೆ.